ಪೊಳ್ಳು ಹೂವು

ಕುಂಬಳದ ಮಿಡಿ ಕೊಳೆತಿದ್ದಕ್ಕೆ ನನ್ನ ಸೊಸೆ ಕೈ ಕಾರಣ ಅಂದೋರ ಬಾಯಿಗೆ ಅವತ್ತೇ ಮಣ್ಣು ಹಾಕಬೇಕಿತ್ತು ನಾನು. ಹಾಕಲಿಲ್ಲ. ಯಾಕಂದ್ರೆ ಅಂದೋಳು ನಮ್ಮ ಹಾಲಮ್ಮಕ್ಕ. ನನ್ನ ಗಂಡನ ಅಣ್ಣನ ಹೆಂಡ್ತಿ, ಮನೆಗೆ ಹಿರೇಳು. ಹಿರೇರಿಗೆ ಎದುರಾಡಬಾರ್ದು ಅಂತ ನಮ್ಮವ್ವ ಕಲಿಸಿದ್ಲು ನೋಡ್ರಿ, ಆ ಕಲಿತದ್ದು ಗಂಟ್ಲಾಗೆ ಮೀನಿನ ಮುಳ್ಳಿನಂಗೆ ಸಿಕ್ಕಾಕ್ಕೊಂಡ್ತು ಅನ್ನಾಕೆ ನಾವು ಮೀನು ತಿನ್ನೋ ಜನ ಅಲ್ಲ. ಸಿಕ್ಕಾಕ್ಕೊಂಡಿದ್ದಂತೂ ಖರೆ. ಒಂದು ಹೊತ್ತು ಅಷ್ಟೇ. ಆಮೇಲೆ ಉಗುಳಿಬಿಟ್ಟೆ.

ನಮ್ಮದು ಕೆರೆಬಿಳಚಿ ಹತ್ರದ ಹಳ್ಳಿ. ಮನೆ ಹಿಂದೇನೇ ಒಂದು ತುಂಡು ಹೊಲ ಐತೆ. ಹೋದ ವರ್ಷ ಅದಕ್ಕೆ ಅಡಿಕೆ ಸಸಿ ಇಟ್ವಿ, ಇನ್ನೂ ಮೊಣಕಾಲುದ್ದ ಅದಾವೆ. ನಡುವೆ ಜಾಗ ಸುಮ್ನೆ ಯಾಕೆ ಬಿಡಬೇಕು ಅಂತ ಈ ವರ್ಷ ಮುಂಗಾರು ಬಿದ್ದ ಕೂಡ್ಲೆ ಬೂದುಗುಂಬಳದ ಬೀಜ ಊರಿದ್ವಿ. ಆಯುಧಪೂಜೆ ದಿನ ಲಾರಿಯಿಂದ ಹಿಡಿದು ಹೊಲಿಗೆ ಮಿಷನ್ನಿನ ತನಕ ಎಲ್ಲದ್ರ ಮುಂದೂ ಒಂದೊಂದು ಕುಂಬಳಕಾಯಿ ಒಡೀತಾರಲ್ಲ, ಅದಕ್ಕೆ ದಾವಣಗೆರೆಯಿಂದ ವ್ಯಾಪಾರಸ್ತರು ಬಂದು ಹೊಲದಾಗೇ ತುಂಬ್ಕೊಂಡು ಹೋಗ್ತಾರೆ. ಬೀಜ ಊರಿದ್ದು ನಾನು, ನನ್ನ ಸೊಸೆ ರೂಪಶ್ರೀ. ನೀರು ಕಟ್ಟಿದ್ದು, ಗೊಬ್ಬರ ಹೊತ್ತಿದ್ದು, ಕಳೆ ಕಿತ್ತಿದ್ದು ನಾವೇ. ಬಳ್ಳಿ ಹೆಂಗೆ ಹಬ್ಬಿತ್ತು ಅಂದ್ರೆ ಅಡಿಕೆ ಸಸಿ ಹುಡುಕ್ಬೇಕಾಗಿತ್ತು.

ಶ್ರಾವಣಕ್ಕೆ ಮುಂಚೆ ಹೂ ಶುರುವಾಯ್ತು. ಕುಂಬಳದಾಗೆ ಎರಡು ಥರದ ಹೂ ಬರ್ತವೆ, ನಿಮಗೂ ಗೊತ್ತಿರ್ತದೆ. ಒಂದಕ್ಕೆ ಬುಡದಾಗೆ ಗೋಲಿಯಷ್ಟು ಮಿಡಿ ಇರ್ತದೆ, ಮೈತುಂಬ ಬಿಳೀ ರೋಮ. ಇನ್ನೊಂದು ಬರೀ ದಂಟಿನ ಮೇಲೆ ನಿಂತಿರ್ತದೆ, ಬುಡದಾಗೆ ಏನೂ ಇಲ್ಲ. ಮಿಡಿ ಇಲ್ದಿರೋದಕ್ಕೆ ನಮ್ಮ ಕಡೆ ಪೊಳ್ಳು ಹೂ ಅಂತಾರೆ. ಅದು ಕಾಯಾಗಲ್ಲ ನೋಡ್ರಿ, ಅದಕ್ಕೆ ಯಾರಿಗೂ ಅದರ ಮೇಲೆ ಗೌರವ ಇಲ್ಲ.

ಮಿಡಿ ಹೂಗಳು ದಿನಾ ಬೆಳಿಗ್ಗೆ ಅರಳಾಕೆ ಹತ್ತಿದ್ವು. ಅರಳಿದ್ವು, ಮಧ್ಯಾಹ್ನಕ್ಕೆ ಮುದುರಿದ್ವು. ಎರಡು ಮೂರು ದಿನಕ್ಕೆ ಮಿಡಿ ಹಳದಿ ಬಣ್ಣಕ್ಕೆ ತಿರುಗಿ, ತುದಿಯಿಂದ ಮೆತ್ತಗಾಗಿ ಕಳಚಿ ಬಿದ್ವು. ಮೊದ್ಲು ಒಂದೆರಡು ಅಂದ್ಕೊಂಡ್ವಿ. ಆಮೇಲೆ ನೋಡ್ತೀವಿ, ಇಡೀ ಬಳ್ಳಿಯಾಗೆ ಒಂದೂ ನಿಲ್ಲವಲ್ಲದು. ಪಕ್ಕದ ಹೊಲದ ತಿಪ್ಪೇಶಪ್ಪನ ಸೋರೆ ಬಳ್ಳಿಯಾಗೆ ಕಾಯಿ ಜೋತಾಡ್ತಾವೆ, ನಮ್ಮದ್ರಾಗೆ ನೆಲದ ಮೇಲೆ ಕೊಳೆತ ಮಿಡಿ.

ಅವಾಗ್ಲೇ ಹಾಲಮ್ಮಕ್ಕ ರೂಪಾನ ಹಿಡಿದಿದ್ದು. ರೂಪಾ ಹೊರಗಾಗಿದ್ಲು, ಮೂರನೇ ದಿನ. ಬಳ್ಳಿ ನಡುವೆ ಕುಂತ್ಕೊಂಡು ಬಿದ್ದ ಮಿಡಿ ಎತ್ತಿ ನೋಡ್ತಿದ್ಲು. ಅಕ್ಕ ಹಿತ್ತಲ ಬಾಗ್ಲಾಗೆ ನಿಂತು ಎದೆ ಎದೆ ಬಡ್ಕೊಂಡ್ಲು.

"ಅಯ್ಯೋ ನಮ್ಮಪ್ಪನೇ! ಹೊರಗಾಗಿ ಕುಂಬಳದ ಬಳ್ಳಿಯಾಗೆ ಹೋಗಿ ಕುಂತೀಯಲ್ಲೇ! ಮಿಡಿ ಬೇರೆ ಕೈಯಾಗೆ ಹಿಡ್ದೀಯಲ್ಲೇ! ಅದಕ್ಕೇ ನೋಡು, ಅದಕ್ಕೇ ಒಂದೂ ಹಿಡೀತಿಲ್ಲ. ನಿನ್ನ ಕೈಯಾಗೆ ಯಾವುದು ಹಿಡಿದೈತೆ ಹೇಳು, ಇದು ಹಿಡಿಯಾಕೆ?"

ಆ ಕೊನೇ ಮಾತು ಕೇಳಿದ್ರಲ್ಲ? ಅದು ಕುಂಬಳದ ಮಾತಲ್ಲ. ರೂಪಾ ಜಗಳೂರು ಕಡೆ ಹುಡುಗಿ, ನನ್ನ ಮಗ ವಿನಯನ ಕೈ ಹಿಡಿದು ನಾಲ್ಕು ವರ್ಷ ಆಯ್ತು, ಮಕ್ಕಳಾಗಿಲ್ಲ. ಅದೊಂದು ಮಾತು ನಮ್ಮನೆ ಜಂತೆ ಮೇಲೆ ಹಲ್ಲಿ ಥರ ಕುಂತೇ ಇರ್ತದೆ, ಹೊತ್ತು ನೋಡಿ ಲೊಚಗುಟ್ತದೆ.

ಇನ್ನು ಹೊರಗಾಗೋ ವಿಚಾರ. ಲಿಂಗ ಕಟ್ಟಿದೋರಿಗೆ ಮುಟ್ಟಿಲ್ಲ, ಮೈಲಿಗೆ ಇಲ್ಲ ಅಂತ ಮಠದ ಸ್ವಾಮಿಗಳು ಮೈಕ್ ಹಿಡ್ಕೊಂಡು ಹೇಳ್ತಾರೆ. ನಮ್ಮನೆಯೋರು ಮುಂದಿನ ಸಾಲಿನಾಗೆ ಕುಂತು ತಲೆ ಆಡಿಸಿ, ಪ್ರಸಾದ ತಿಂದು ಬರ್ತಾರೆ. ಮನೆಗೆ ಬಂದ್ಮೇಲೆ ಕುಂಬಳದ ಬಳ್ಳಿಗೆ ಮೈಲಿಗೆ, ಉಪ್ಪಿನಕಾಯಿ ಜಾಡಿಗೆ ಮೈಲಿಗೆ. ಸ್ವಾಮಿಗಳಿಗೆ ಉಪ್ಪಿನಕಾಯಿ ವಿಚಾರ ಗೊತ್ತಿಲ್ಲಂತೆ!

ಅವತ್ತು ಸಂಜಿಗೆ ಪಡಸಾಲೆಯಾಗೆ ಪಂಚಾಯ್ತಿ. ನಮ್ಮ ಬಾವ ಬೆನಕಪ್ಪ ಕಂಬಕ್ಕೆ ಒರಗಿ ಕುಂತ್ರು. ನನ್ನ ಗಂಡ ತೀರಿಹೋದ ಮೇಲೆ ಮನೆ ಯಜಮಾನ್ಕೆ ಪೂರಾ ಅವರದ್ದೇ. ಕೆಟ್ಟೋರು ಅಂತ ನಾನು ಅನ್ನಲ್ಲ. ನನಗೂ ನನ್ನ ಮಗನಿಗೂ ಒಂದು ತುತ್ತಿಗೆ ಕಮ್ಮಿ ಮಾಡ್ಲಿಲ್ಲ. ಆದ್ರೆ ಒಂದ್ಸಲ ಬಾಯಿಂದ ಮಾತು ಬಿತ್ತು ಅಂದ್ರೆ ಮುಗೀತು, ಅದನ್ನ ಎತ್ಕೊಳ್ಳೋ ಅಭ್ಯಾಸ ಅವರಿಗಿಲ್ಲ.

"ಸುಮ್ನೆ ಯಾರ ಮನಸ್ಸೂ ನೋಯಿಸಾಕೆ ಹೇಳ್ತಿಲ್ಲ," ಅಂದ್ರು. "ಕೆಲವರ ಕೈಗುಣ ಹಂಗಿರ್ತದೆ. ಹುಡುಗಿ ತವರಿಗೆ ಹೋಗಿ ಇರ್ಲಿ. ಬರೋ ವಾರ ಅವರಪ್ಪಗೆ ಬಂದು ಕರ್ಕೊಂಡು ಹೋಗು ಅಂತ ಫೋನ್ ಮಾಡ್ತೀನಿ. ಕಾಯಿ ಇಳಿಸಿದ ಮೇಲೆ ನೋಡಾನು."

"ನೋಡಾನು ಅಂದ್ರೆ ಏನ್ ಬಾವಾ?" ಅಂದೆ.

"ನೋಡಾನು ಅಂದ್ರೆ ನೋಡಾನು."

ಗೊತ್ತಾತಲ್ಲ? ಕಾಯಿ ಇಳಿಸೋ ತನಕ ತವರು. ಆಮೇಲೆ ದೀಪಾವಳಿ ಕಳೀಲಿ ಅಂತಾರೆ. ಆಮೇಲೆ ಸಂಕ್ರಾಂತಿ. ಹಂಗೆ ಹೋದ ಹೆಣ್ಮಕ್ಕಳು ಎಷ್ಟು ಜನ ತಿರುಗಿ ಬಂದಾರೆ ಅಂತ ನಾನು ಕಂಡಿದೀನಿ. ರೂಪಾ ಅಡಿಗೆಮನೆ ಬಾಗ್ಲಾಗೆ ಕಲ್ಲಾಗಿ ನಿಂತಿದ್ಲು. ನನ್ನ ಮಗ ವಿನಯ? ತ್ಯಾವಣಿಗೆಯಾಗೆ ಮೋಟರ್ ಕಟ್ಟೋ ಅಂಗಡಿ ಇಟ್ಟಾನೆ, ಸುಟ್ಟು ಕರಕಲಾದ ಮೋಟರ್‌ಗೆ ಜೀವ ಕೊಡ್ತಾನೆ, ದೊಡ್ಡಪ್ಪನ ಮುಂದೆ ಮಾತ್ರ ಅವನಿಗೇ ಜೀವ ಇರಲ್ಲ. ತಲೆ ತಗ್ಗಿಸ್ಕೊಂಡು ಕಾಲಿನ ಹೆಬ್ಬೆಟ್ಟು ನೋಡ್ತಿದ್ದ.

ಅವಾಗ ಉಗುಳಿದ್ದು ನಾನು ಆ ಮುಳ್ಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಲ್ಲ ಬಾವಾ! ಅವಳು ಹೊರಗಾಗಿದ್ದು ಮೂರು ದಿನದಿಂದ, ಮಿಡಿ ಉದುರ್ತಿರೋದು ಎಷ್ಟು ದಿನದಿಂದ? ನನ್ನ ಸೊಸೆ ಎಲ್ಲಿಗೂ ಹೋಗಲ್ಲ. ಬಳ್ಳಿಗೆ ಏನಾಗೈತೆ ಅಂತ ನಾನು ನೋಡ್ತೀನಿ. ಅದೇನಿದ್ರೂ ಯಾವನದ್ದೋ ಕೈಗುಣನೇ ಇರ್ಬೇಕು, ನೋಡೇಬಿಡಾನು ಯಾರದ್ದು ಅಂತ."

"ನಾನಂತೂ ಮಿಡಿ ಇರೋ ಹೂ ಮುಟ್ಟಿದೋನಲ್ಲ," ಅಂದ್ರು ಬಾವ.

ಯಾರು ಕೇಳಿದ್ರು ಅವರನ್ನ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಂಗೆ. ಆದ್ರೆ ಅವತ್ತು ನನಗೆ ಸಿಟ್ಟಿನಾಗೆ ಅದು ತಲೆಗೆ ಹೋಗ್ಲಿಲ್ಲ.

ಮಾರನೇ ದಿನ ನಸುಕಿನಾಗೆ ಎದ್ದು ಹೊಲದ ಬದುವಿನ ಮೇಲೆ ಹೋಗಿ ಕುಂತೆ. ರೂಪಾಗೆ ಬಳ್ಳಿಯೊಳಗೆ ಕಾಲಿಡಬ್ಯಾಡ ಅಂದಿದ್ರು, ಅವಳು ಬೇಲಿ ಆಚೆ ನಿಂತ್ಲು. ಮೂಡಲ ಕೆಂಪಾಗ್ತಿತ್ತು. ಮುದುರ್ಕೊಂಡಿದ್ದ ಮೊಗ್ಗು ಒಂದೊಂದೇ ಬಿಚ್ಕೊಳ್ತಿದ್ವು, ಕೈಯಗಲ ಹಳದಿ ಹೂ. ನೋಡಾಕೆ ಎರಡು ಕಣ್ಣು ಸಾಲ್ದು.

ಬಂದ್ರು ನೋಡ್ರಿ ನಮ್ಮ ಬಾವ. ತಣ್ಣೀರು ಹುಯ್ಕೊಂಡು, ಒದ್ದೆ ಪಂಜೆ ಉಟ್ಕೊಂಡು, ಹಣೆ ತುಂಬ ವಿಭೂತಿ, ಬಾಯಾಗೆ ನಮಃ ಶಿವಾಯ. ಕೈಯಾಗೆ ಈಚಲ ಬುಟ್ಟಿ. ಈ ವರ್ಷ ಶ್ರಾವಣ ಪೂರ್ತಿ ಊರ ಈಶ್ವರ ದೇವರಿಗೆ ಹೂವಿನ ಅಲಂಕಾರ ನಂದು ಅಂತ ಒಪ್ಪಿಕೊಂಡಿದ್ರು. ಬೇಸಿಗೆಯಾಗೆ ಎದೆ ನೋವು ಬಂದು ಉಳ್ಕೊಂಡಿದ್ರು, ಅದಕ್ಕೆ ಹರಕೆ. ಮೊದ್ಲೇ ರೂಢಿಯಾಗ್ಲಿ ಅಂತ ಆಷಾಢದ ಕೊನೇ ವಾರದಿಂದ್ಲೇ ಶುರು ಮಾಡಿದ್ರು. ಚೆಂಡು ಹೂ, ಸೇವಂತಿಗೆ ಕೊಂಡು ತರಾಕೆ ಮನಸ್ಸಿಲ್ಲ. ಕೊಂಡ ಹೂವಿಗಿಂತ ಬೆವರು ಸುರಿಸಿ ಬೆಳೆದ ಹೂ ದೇವರಿಗೆ ಪ್ರೀತಿಯಂತೆ. ಬೆವರು ಯಾರದ್ದು ಅಂತ ದೇವರು ಕೇಳಿರ್ಲಿಕ್ಕಿಲ್ಲ ಬಿಡ್ರಿ.

ಅವರು ಬಳ್ಳಿಯಾಗೆ ಇಳಿದು ಹೂ ಕೊಯ್ಯಾಕೆ ಹತ್ತಿದ್ರು. ಮಿಡಿ ಇರೋದನ್ನ ಕಂಡ್ರೆ ಕೈ ಮುಗಿದು ಬಿಟ್ಟುಬಿಡ್ತಿದ್ರು. ಪಾಪ, ಬಸುರಿ ಹೆಂಗ್ಸಿನ ಹತ್ರ ಹೋದಂಗೆ ಅಷ್ಟು ಜೋಪಾನ. ಪೊಳ್ಳು ಹೂ ಕಂಡ್ರೆ ಟಕ್ ಅಂತ ಚಿವುಟಿ ಬುಟ್ಟಿಗೆ. ಒಂದೂ ಬಿಡ್ಲಿಲ್ಲ. ಎಲೆ ಎತ್ತಿ ಎತ್ತಿ ಹುಡುಕಿ ಕೊಯ್ದ್ರು. ಬುಟ್ಟಿ ತುಂಬಿ ಗೋಪುರ ಆಯ್ತು. ಗುಡಿ ಕಡೆ ನಡೆದ್ರು.

ಬಿಸಿಲು ಏರಿತು. ಜೇನುಹುಳ ಬಂದ್ವು. ಬಂದ್ವು ಅಂದ್ರೆ ಒಂದು ನಾಲ್ಕೈದು. ಮಿಡಿ ಹೂವಿನಾಗೆ ಇಳಿದ್ವು, ಹೊರಗೆ ಬಂದ್ವು, ಮೈ ಮೇಲೆ ಒಂದು ಚೂರು ಪುಡಿ ಇಲ್ಲ, ಹೆಂಗೆ ಬಂದ್ವೋ ಹಂಗೇ ಹೋದ್ವು. ತಿಪ್ಪೇಶಪ್ಪನ ಹೊಲದ ಕಡೆ ಸೂರ್ಯಕಾಂತಿ ಇತ್ತು, ಅಲ್ಲಿ ಗುಂಯ್ ಅಂತ ಒಂದೇ ಸದ್ದು. ನಮ್ಮ ಹೊಲ ಸಂತೆ ಮುಗಿದ ಬಯಲಿನಂಗೆ.

"ಅತ್ತೆ," ಅಂದ್ಲು ರೂಪಾ ಬೇಲಿ ಆಚೆಯಿಂದ. "ಗಂಡು ಹೂ ಎಲ್ಲಿ?"

"ಯಾವುದೇ ಗಂಡು ಹೂ?"

"ನೀವು ಪೊಳ್ಳು ಹೂ ಅಂತೀರಲ್ಲ, ಅದೇ. ಅದ್ರಾಗೆ ಹಳದಿ ಪುಡಿ ಇರ್ತದಲ್ಲ, ಅದು ಹುಳದ ಮೈಗೆ ಮೆತ್ಕೊಂಡು ಮಿಡಿ ಹೂವಿಗೆ ತಾಗ್ಬೇಕು. ಶಾಲೆಯಾಗೆ ಓದಿದ್ವಿ. ತಾಗ್ದಿದ್ರೆ ಮಿಡಿ ನಿಲ್ಲಲ್ಲ. ಹುಳನೂ ಆ ಪುಡಿ ಆಸೆಗೇ ಬರೋದು, ಮರಿಗಳಿಗೆ ಒಯ್ಯಾಕೆ. ಪುಡಿನೇ ಇಲ್ಲ ಅಂದ್ರೆ ಅವು ಬೇರೆ ಹೊಲ ನೋಡ್ಕೊಳ್ತಾವೆ."

"ಇದನ್ನ ನಿನ್ನೆ ಪಡಸಾಲೆಯಾಗೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ನನಗೆ ಗೊತ್ತಿರ್ಲಿಲ್ಲ ಅತ್ತೆ, ದೊಡ್ಡಮಾವ ಒಂದೂ ಬಿಡದಂಗೆ ಕೊಯ್ತಾರೆ ಅಂತ. ಗೊತ್ತಿದ್ರೂ ಯಾರು ಕೇಳ್ತಿದ್ರು?"

ಅದೂ ಸರಿ. ನಾನು ಬಳ್ಳಿಯಾಗೆ ಇಳಿದು ಹುಡುಕಿದೆ. ಅಡಿಕೆ ಸಸಿ ಬುಡದಾಗೆ ಬಾವನ ಕಣ್ಣು ತಪ್ಪಿಸಿ ಒಂದು ಪೊಳ್ಳು ಹೂ ಉಳಿದಿತ್ತು. ಅದರೊಳಗೆ ಒಂದು ಹುಳ ಬಿದ್ದು ಹೊರಳಾಡ್ತಿತ್ತು, ಹಿಟ್ಟಿನ ಡಬ್ಬಿಯೊಳಗೆ ಬಿದ್ದ ಮಗು ಥರ. ಹೊರಗೆ ಬಂದಾಗ ಕಾಲು, ಹೊಟ್ಟೆ, ಮೀಸೆ ಎಲ್ಲಾ ಹಳದಿ. ಹಂಗೇ ಹಾರಿ ಪಕ್ಕದಾಗಿದ್ದ ಮಿಡಿ ಹೂವಿಗೆ ನುಗ್ತು. ಆ ಮಿಡಿಗೆ ನಾನು ಸೆರಗಿನ ನೂಲು ಎಳೆದು ಸಡಿಲಾಗಿ ಕಟ್ದೆ. ಆಮೇಲೆ ಆ ಪೊಳ್ಳು ಹೂ ಕಿತ್ತು, ಎಸಳು ಹರಿದು, ಒಳಗಿನ ಪುಡಿನ ಇನ್ನೆರಡು ಮಿಡಿ ಹೂವಿಗೆ ಸವರಿ, ಅವಕ್ಕೂ ನೂಲು ಕಟ್ದೆ.

ಆ ವಾರ ಎಲ್ಲಾ ಮಿಡಿ ಕೊಳೆತ್ವು. ನೂಲು ಕಟ್ಟಿದ್ವು ಮಾತ್ರ ತಲೆ ಬಗ್ಗಿಸಿ ನೆಲಕ್ಕೆ ಒರಗಿ ಉಬ್ಬಾಕೆ ಹತ್ತಿದ್ವು. ನಿಂಬೆಹಣ್ಣಿನಷ್ಟು ಆದ್ವು, ಮಾವಿನಕಾಯಿಯಷ್ಟು ಆದ್ವು. ನನಗೆ ಅಳು ಬಂತು ನೋಡ್ರಿ, ಖುಷಿಗಲ್ಲ, ಸಿಟ್ಟಿಗೆ. ಹೆಣ್ಣು ಹೂ ಉದುರಿದ್ರೆ ಹೆಣ್ಣು ಹೂವಿನದ್ದೇ ತಪ್ಪು ಅಂತ ಮನೆ ಮಂದಿಯೆಲ್ಲ ಅದನ್ನೇ ನೋಡ್ಕೊಂಡು ಕುಂತಿದ್ವಿ. ಗಂಡು ಹೂ ಐತೋ ಇಲ್ವೋ ಅಂತ ಒಬ್ಬರಾದ್ರೂ ನೋಡಿದ್ವಾ?

ಬಾವನ್ನ ಕರ್ಕೊಂಡು ಹೋಗಿ ತೋರಿಸ್ದೆ. ಬಗ್ಗಿ ನೋಡಿದ್ರು. ಎದ್ದು ನಿಂತ್ರು.

"ಅಂದ್ರೆ ನನ್ನ ಪೂಜೆಯಿಂದ ಬೆಳೆ ಹಾಳಾಯ್ತು ಅಂತೀಯಾ ಶಂಕ್ರಮ್ಮ?"

"ಪೂಜೆಯಿಂದ ಅಲ್ಲ ಬಾವಾ, ಕೊಯ್ಯೋದ್ರಿಂದ. ಪೂಜೆ ಮಾಡ್ರಿ, ಯಾರು ಬ್ಯಾಡ ಅಂದ್ರು? ಬೇರೆ ಹೂ ತಂದು ಮಾಡ್ರಿ."

"ಪೊಳ್ಳು ಹೂ ಬಳ್ಳಿ ರಸ ಹೀರ್ತವೆ. ತೆಗೆದ್ರೆ ಬಳ್ಳಿಗೆ ಒಳ್ಳೇದೇ. ನಮ್ಮಪ್ಪನೂ ಹಂಗೇ ಹೇಳ್ತಿದ್ದ. ಇನ್ನು ಇವು ನಿಂತಾವೆ ಅಂದ್ರೆ ದೇವರು ಕಣ್ಣು ಬಿಟ್ಟ ಅಂತ ಅರ್ಥ. ಹುಡುಗಿ ಬಳ್ಳಿಯಿಂದ ದೂರ ಇದ್ದದ್ದಕ್ಕೇ ನಿಂತ್ವು."

"ಹಂಗಾದ್ರೆ ನೂಲು ಕಟ್ಟದಿರೋವು ಯಾಕೆ ಕೊಳೆತ್ವು? ಅವು ಅವಳ ಮನೆಯೋರಾ?"

"ಹಿಡಿದ ಹರಕೆ ನಡುವೆ ಬಿಡಾಕಾಗಲ್ಲ," ಅಂದ್ರು ಬಾವ. "ಶ್ರಾವಣ ಮುಗೀಲಿ. ಸೋಮವಾರ ಅವರಪ್ಪ ಬರ್ತಾನೆ, ಹೇಳೀನಿ."

ಶ್ರಾವಣ ಮುಗಿಯೋ ಹೊತ್ತಿಗೆ ಬಳ್ಳಿಯಾಗೆ ಹೂ ಎಲ್ಲಿರ್ತವೆ? ಕಾಯಿ ಬಲಿಯಾಕೆ ಹೊತ್ತು ಬ್ಯಾಡ್ವಾ? ಒಂದೂ ಕಾಯಿ ಇಲ್ದೆ ಹೊಲ ಬರಿದಾದ್ರೆ, ರೂಪಾನ ಕೈ ಅಂತ ಶಾಶ್ವತವಾಗಿ ಬರೆದು ಇಟ್ಟಂಗೆ. ನಾನು ನಿರ್ಧಾರ ಮಾಡಿಬಿಟ್ಟೆ.

ಮಾರನೇ ಬೆಳಿಗ್ಗೆ ಹೊಲದ ಬೇಲಿ ಬಾಗ್ಲಿಗೆ ಅಡ್ಡ ನಿಂತೆ. ಬೇಲಿ ಬಾಗ್ಲು ಅಂದ್ರೆ ಒಬ್ಬರು ಹೋಗೋವಷ್ಟು ಸಂದು, ಎರಡೂ ಕಡೆ ಜಾಲಿ ಮುಳ್ಳು. ಬಾವ ಒದ್ದೆ ಪಂಜೆಯಾಗೆ ಬುಟ್ಟಿ ಹಿಡ್ಕೊಂಡು ಬಂದ್ರು.

"ದಾರಿ ಬಿಡು."

"ಇವತ್ತು ಹೂ ಇಲ್ಲ ಬಾವಾ."

"ದೇವರಿಗೆ ಇಲ್ಲ ಅಂತೀಯಾ?"

"ದೇವರಿಗೆ ಕಾಯಿ ಕೊಡಾನು. ಹೂ ಹುಳಕ್ಕೆ ಇರ್ಲಿ."

ಹಿತ್ತಲ ಬಾಗ್ಲಾಗೆ ಹಾಲಮ್ಮಕ್ಕ ಬಂದು ನಿಂತ್ಲು. ತಿಪ್ಪೇಶಪ್ಪ ಹೊಲದಾಗೆ ಎಮ್ಮೆ ಬಿಟ್ಟು ಇತ್ಲಾಗೆ ನೋಡ್ದ. ಅವನ ಹೆಂಡ್ತಿ ಗಾದ್ರಮ್ಮ ಚೊಂಬು ಹಿಡ್ಕೊಂಡೇ ಬದುವಿಗೆ ಬಂದ್ಲು. ನಮ್ಮೂರಾಗೆ ಜಗಳ ಅಂದ್ರೆ ಸಾಕು, ಹೊಟ್ಟೆನೋವು ಇದ್ರೂ ತಡ್ಕೊಂಡು ನಿಲ್ತಾರೆ.

"ಶ್ರಾವಣದಾಗೆ ದೇವರ ಹೂ ತಡೆದೋಳಿಗೆ ಏನಾಗ್ತದೆ ಗೊತ್ತೈತಾ?" ಬಾವನ ದನಿ ಏರಿತು.

"ಗಂಡ ಹೋಗಿ ಹನ್ನೊಂದು ವರ್ಷ ಆಯ್ತು ಬಾವಾ. ಅವರು ಹೋದಾಗ ನಾನು ಯಾವ ದೇವರ ಹೂವನ್ನೂ ತಡೆದಿರ್ಲಿಲ್ಲ. ಇನ್ನೇನು ಕಿತ್ಕೊಳ್ತಾನೆ ನನ್ನ ಹತ್ರ?"

ಬಾವ ಬುಟ್ಟಿ ಎದೆಗೆ ಒತ್ಕೊಂಡು ಒಂದು ಹೆಜ್ಜೆ ಮುಂದೆ ಬಂದ್ರು. ನಾನು ತಮ್ಮನ ಹೆಂಡ್ತಿ, ನನ್ನ ಮೈಗೆ ಮೈ ತಾಗಂಗಿಲ್ಲ, ಆದ್ರೂ ಪಕ್ಕಕ್ಕೆ ತಿರುಗಿ ಮುಳ್ಳು ಸರಿಸಿ ನುಗ್ಗಾಕೆ ನೋಡಿದ್ರು. ವಯಸ್ಸಾದೋರು, ಹೃದಯದ ತೊಂದ್ರೆ ಬೇರೆ, ನಾನು ನೂಕಾಕೆ ಆಗ್ತದಾ? ಸೋತೆ ಅನ್ನೋವಾಗ ನನ್ನ ಹಿಂದಿನಿಂದ ರೂಪಾ ಬಂದ್ಲು. ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ್ಲು. ಆ ಸಂದಿನಾಗೆ ತಾನು ನಿಂತ್ಲು.

"ದೊಡ್ಡಮಾವ," ಅಂದ್ಲು, "ನಾನು ಹೊರಗಾಗೀನಿ. ಬರ್ರಿ."

ಕಾದ ಹೆಂಚು ಮುಟ್ಟಿದೋರಂಗೆ ಬಾವ ಹಿಂದಕ್ಕೆ ಹಾರಿದ್ರು! ಮಡಿಯಾಗಿ ಬಂದಾರೆ, ಹರಕೆ ಪೂಜೆ ಬೇರೆ. ಅವಳ ಸೆರಗು ತಾಗಿದ್ರೂ ಸಾಕು, ಹೋಗಿ ಮತ್ತೆ ತಲೆ ಮೇಲೆ ನೀರು ಹುಯ್ಕೊಳ್ಬೇಕು. ಹುಯ್ಕೊಂಡು ಬಂದ್ರೂ ಇವಳು ಅಲ್ಲೇ ಇರ್ತಾಳೆ.

"ಏಯ್, ಸರಿ ಅತ್ಲಾಗೆ!"

"ನೀವೇ ಹೇಳಿದ್ರಲ್ಲ ನನ್ನ ಮೈಲಿಗೆ ಅಷ್ಟು ಜೋರೈತೆ ಅಂತ. ಇಡೀ ಹೊಲದ ಮಿಡಿ ಕೊಳೀತವೆ ಅಂದ್ರೆ ನಿಮ್ಮ ಬುಟ್ಟಿ ಹೂ ಉಳೀತವಾ? ಬಳ್ಳಿಯಾಗೆಲ್ಲ ನಸುಕಿಗೇ ಓಡಾಡಿ ಬಂದೀನಿ ದೊಡ್ಡಮಾವ. ಒಂದೊಂದು ಹೂವನ್ನೂ ಮುಟ್ಟೀನಿ. ಕೊಯ್ತೀರಾ? ಕೊಯ್ರಿ. ಈಶ್ವರನ ತಲೆ ಮೇಲೆ ಇಡ್ರಿ."

ನಾನು ಬಿದ್ದು ಬಿದ್ದು ನಗೋದೊಂದು ಬಾಕಿ. ಗಾದ್ರಮ್ಮ ನಕ್ಕೇಬಿಟ್ಲು, ಚೊಂಬಿನ ನೀರು ಅವಳ ಸೀರೆ ಮೇಲೇ ಚೆಲ್ತು. ಹಾಲಮ್ಮಕ್ಕ "ಥೂ ಥೂ, ಗಂಡಸ್ರ ಮುಂದೆ ಹೇಳೋ ಮಾತೇನೇ ಇದು!" ಅಂತ ಒಳಗೆ ಓಡಿದ್ಲು. ಬಾವ ಖಾಲಿ ಬುಟ್ಟಿ ಹಿಡ್ಕೊಂಡು ನಿಂತಿದ್ರು. ಮುಖ ಕೆಂಪಾಗಿತ್ತು. ಆಮೇಲೆ ತಿರುಗಿ ಹೋದ್ರು. ಅವತ್ತು ಈಶ್ವರನಿಗೆ ಬಿಲ್ವಪತ್ರೆ. ಅದೇ ಅವನಿಗೆ ಇಷ್ಟ ಅಂತ ಊರಿಗೆಲ್ಲ ಗೊತ್ತು.

ಮಾರನೇ ದಿನನೂ ರೂಪಾ ನಿಂತ್ಲು. ಅದರ ಮಾರನೇ ದಿನನೂ. ವಾರ ಕಳೀತು, ಶ್ರಾವಣ ಕಳೀತು, ನನ್ನ ಸೊಸೆ ಹೊರಗಾಗಿದ್ದು ಮುಗೀಲೇ ಇಲ್ಲ! ಇದೆಂಥದ್ದು, ತಿಂಗಳೆಲ್ಲ ಹೊರಗಾ ಅಂತ ಯಾವ ಗಂಡಸು ಬಾಯಿ ಬಿಟ್ಟು ಕೇಳ್ತಾನೆ ಹೇಳ್ರಿ. ಬಾವ ಕೇಳಂಗಿಲ್ಲ, ಪೂಜಾರಿ ಕೇಳಂಗಿಲ್ಲ. ಹಾಲಮ್ಮಕ್ಕ ಒಂದ್ಸಲ ಕಣ್ಣು ಕಿರಿದು ಮಾಡಿ ನೋಡಿ, "ಡಾ‌ಕ್ಟ್ರಿಗೆ ತೋರಿಸೇ," ಅಂದ್ಲು. "ತೋರಿಸಾನು ದೊಡ್ಡತ್ತೆ, ಮೊದ್ಲು ಕಾಯಿ ಕಟ್ಲಿ," ಅಂದ್ಲು ರೂಪಾ. ಬೀಗರಿಗೆ ನಾನೇ ಫೋನ್ ಮಾಡ್ದೆ. "ಬರೋದಾದ್ರೆ ಹಬ್ಬಕ್ಕೆ ಬರ್ರಿ ಅಣ್ಣಾರೆ, ಹೋಳಿಗೆ ಮಾಡ್ತೀನಿ. ಕರ್ಕೊಂಡು ಹೋಗಾಕೆ ಅಂತ ಬರಬ್ಯಾಡ್ರಿ," ಅಂದೆ.

ಹುಳಕ್ಕೆ ಯಾರು ಸುದ್ದಿ ಮುಟ್ಟಿಸಿದ್ರೋ ಕಾಣೆ. ಎರಡೇ ದಿನದಾಗೆ ಬಂದ್ವು. ಮೊದ್ಲು ಕೋಲುಜೇನು, ಆಮೇಲೆ ತುಡುವೆ ಜೇನು, ಕರೀ ದುಂಬಿ ಸಮೇತ. ಹೂ ಬಿಚ್ಚೋ ಹೊತ್ತಿಗೆ ಸರಿಯಾಗಿ ಹಾಜರ್. ಬಿಸಿಲು ನೆತ್ತಿಗೆ ಬಂದು ಹೂ ಮುದುರೋ ಹೊತ್ತಿಗೆ ಖಾಲಿ. ಈ ಹೂವಿಗೆ ಇರೋದೇ ಒಂದು ಬೆಳಗು, ಅಷ್ಟರೊಳಗೆ ಮುಗಿಸ್ಬೇಕು ಅಂತ ಅವಕ್ಕೂ ಗೊತ್ತು, ಹೂವಿಗೂ ಗೊತ್ತು. ನಾನೂ ರೂಪಾನೂ ಬದುವಿನ ಮೇಲೆ ಕುಂತು ಚಾ ಕುಡಿಯೋದು, ಹಳದಿ ಮೈಯಾಗಿ ಹಾರೋ ಹುಳ ನೋಡೋದು. "ಅಗೋ, ಆ ಹೂ ಮುಗೀತು. ಇಗೋ, ಇದು ಹಿಡೀತು," ಅಂತ ಅವಳು ಬೆಟ್ಟು ಮಾಡಿ ಮಾಡಿ ತೋರಿಸ್ತಿದ್ಲು. ಯಾವ ಮಿಡಿನೂ ಕೊಳೀಲಿಲ್ಲ.

ಕಾಯಿ ಹೆಂಗೆ ಬಂದ್ವು ಅಂದ್ರೆ, ಅಡಿಕೆ ಸಸಿ ನಡುವೆ ಕಾಲಿಡಾಕೆ ಜಾಗ ಇರ್ಲಿಲ್ಲ. ರೋಮ ಉದುರಿ ಮೈಮೇಲೆ ಬೂದಿ ಕುಂತು, ಒಬ್ಬಳೇ ಎತ್ತಾಕಾಗ್ದಂಥ ಕಾಯಿ. ವ್ಯಾಪಾರಸ್ತ ಬಂದು ನೋಡಿ ಇನ್ನೊಂದು ಗಾಡಿ ಕರೆಸ್ದ. ಬಾವ ಅವನ ಮುಂದೆ ಎದೆ ಉಬ್ಬಿಸ್ಕೊಂಡು, "ಶ್ರಾವಣ ಪೂರ್ತಿ ದೇವರ ಸೇವೆ ಮಾಡ್ದೆ ನೋಡಪ್ಪ, ಕೈ ಬಿಡ್ಲಿಲ್ಲ," ಅಂದ್ರು. ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂದ್ರೆ ಇದೇ. ಹೋಗ್ಲಿ ಬಿಡ್ರಿ, ಆ ಮೀಸೆ ಅವರದ್ದು.

ಅವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂಡಿ ಕುಂತಿದ್ವಿ. ರೂಪಾ ಬಡಿಸ್ತಿದ್ಲು. ಹಾಲಮ್ಮಕ್ಕನ ಮನಸ್ಸೂ ತಂಪಾಗಿತ್ತು. ಅವಳ ಬಾಯಿ ಕೆಟ್ಟದ್ದು, ಒಳಗೆ ವಿಷ ಇಲ್ಲ. ರೂಪಾನ ಕೈ ಹಿಡಿದು ಹತ್ರಕ್ಕೆ ಎಳ್ಕೊಂಡ್ಲು.

"ಹೊಟ್ಟೆಗೆ ಹಾಕ್ಕೊಳ್ಳೇ, ನಾನು ಏನೇನೋ ಅಂದೆ. ಬಳ್ಳಿ ತುಂಬ ಕಾಯಿ ಬಂತು ನೋಡು. ಇನ್ನು ನಿನ್ನ ಸರದಿ. ಸಾಸ್ವೆಹಳ್ಳಿ ಕಡೆ ಒಬ್ಬರು ಬೇರು ಕೊಡ್ತಾರಂತೆ, ಗುರುವಾರ ನಾನೇ ಕರ್ಕೊಂಡು ಹೋಗ್ತೀನಿ."

ರೂಪಾ ಸಾರಿನ ಪಾತ್ರೆ ಕೆಳಗಿಟ್ಲು.

"ದೊಡ್ಡತ್ತೆ, ನಾನು ನ್ಯಾಮತಿ ಡಾಕ್ಟ್ರ ಹತ್ರ ಹೋದೆ. ದಾವಣಗೆರೆಗೆ ಹೋದೆ. ರಕ್ತ ಕೊಟ್ಟೆ, ಸ್ಕ್ಯಾನ್ ಮಾಡಿಸ್ದೆ, ಮೂರು ಊರಿನ ಬೇರು ತಿಂದೆ. ನಿನ್ನಾಗೆ ಏನೂ ತೊಂದ್ರೆ ಇಲ್ಲ ಅಂತ ಓದಿದ ಡಾಕ್ಟ್ರುಗಳೆಲ್ಲ ಅಂದ್ರು. ಇನ್ನು ನಾನೊಬ್ಬಳೇ ಎಲ್ಲೂ ಹೋಗಲ್ಲ."

ಆಮೇಲೆ ವಿನಯನ ಕಡೆ ತಿರುಗಿದ್ಲು.

"ರೀ, ಸೋಮವಾರ ಅಂಗಡಿ ಬಾಗ್ಲು ಹಾಕ್ರಿ. ದಾವಣಗೆರೆಗೆ ಹೋಗಾನು. ಈ ಸಲ ಪರೀಕ್ಷೆ ನಿಮಗೆ."

ಬಾವನ ತುತ್ತು ಕೈಯಾಗೇ ನಿಂತಿತು. ಹಾಲಮ್ಮಕ್ಕ ಬಾಯಿ ಮೇಲೆ ಸೆರಗು ಇಟ್ಕೊಂಡ್ಲು. ವಿನಯ ಹೆಂಡ್ತಿ ಮುಖ ನೋಡ್ಲಿಲ್ಲ, ನನ್ನ ಮುಖ ನೋಡ್ದ. "ಅವ್ವಾ," ಅಂದ, ಸಣ್ಣೋನಿದ್ದಾಗ ಯಾರಾದ್ರೂ ಹೊಡೆದ್ರೆ ಅಂತಿದ್ನಲ್ಲ, ಹಂಗೆ.

ಸುಳ್ಳು ಯಾಕೆ ಹೇಳ್ಲಿ, ಮೊದ್ಲು ನನ್ನ ಮನಸ್ಸು ಅವನ ಕಡೆಗೇ ಹೋಯ್ತು. ಒಬ್ಬನೇ ಮಗ. ಅಪ್ಪ ಇಲ್ದೆ ಬೆಳೆಸಿದ್ದು. ಎಲ್ಲರ ಮುಂದೆ, ಅನ್ನದ ತಟ್ಟೆ ಮುಂದೆ, ಅವನ ಗಂಡಸ್ತನಕ್ಕೇ ಕೈ ಹಾಕಿದ್ಲಲ್ಲ ಅಂತ ರೂಪಾನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ನನ್ನ ಮಗನಿಗೆ ಏನಾಗೈತೆ ಅನ್ನೋ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಇಷ್ಟು ದಿನ ಬೇಲಿ ಹತ್ರ ನಿಂತು ಜಗಳ ಆಡಿದ್ನಲ್ಲ ನಾನು, ಯಾರ ಜತೆ ಆಡಿದ್ದು? ಬಾವನ ಜತೆ ಅಲ್ಲ. ಇದೇ ಮಾತಿನ ಜತೆ. ಅದು ಈಗ ನನ್ನ ಬಾಯಾಗೇ ಬಂದು ಕುಂತೈತೆ.

ನುಂಗಿದೆ. ಕಷ್ಟ ಆಯ್ತು, ಆದ್ರೂ ನುಂಗಿದೆ.

"ನನ್ನ ಮುಖ ಏನ್ ನೋಡ್ತೀಯಾ?" ಅಂದೆ ವಿನಯಂಗೆ. "ಕೇಳ್ತಿರೋಳು ನಿನ್ನ ಹೆಂಡ್ತಿ. ಅವಳಿಗೆ ಉತ್ರ ಕೊಡು."

ಅವನು ತಲೆ ತಗ್ಗಿಸಿ ತಟ್ಟೆಯಾಗಿನ ಅನ್ನ ಕಲಸ್ದ. ಆಮೇಲೆ, "ಹೂಂ, ಬರ್ತೀನಿ," ಅಂದ.

"ತಲೆ ಎತ್ತಿ ಹೇಳೋ," ಅಂದೆ.